ಹುಡ್ ಹರಿದ ಜಿಪ್ಸಿ

ಕನ್ವರ್ಟಿಬಲ್ ಅಂದ ಕೂಡಲೇ ಕಣ್ಣಿಗೆ ಬರೋದು ಸಮುದ್ರದ ಪಕ್ಕದ ರಸ್ತೆ, ಕೆಂಪು ಕಾರು, ಬಟನ್ ಒತ್ತಿದ್ರೆ ತಾನೇ ಮಡಚಿಕೊಳ್ಳೋ ಛಾವಣಿ. ನಮ್ಮ ಮಲೆನಾಡಿನ ಕನ್ವರ್ಟಿಬಲ್‌ಗೆ ಬಟನ್ ಇಲ್ಲ. ಇಬ್ಬರು ನಿಂತು ಕೊಕ್ಕೆ ಬಿಚ್ಚಬೇಕು, ಕ್ಯಾನ್ವಾಸು ಸುತ್ತಬೇಕು, ಪೈಪು ಕಳಚಿಡಬೇಕು. ಮಳೆ ಬಂದ್ರೆ ಮತ್ತೆ ಅದೇ ಇಬ್ಬರು ಓಡಬೇಕು. ಅದರ ಹೆಸರು ಮಾರುತಿ ಜಿಪ್ಸಿ, ಸಾಫ್ಟ್ ಟಾಪ್.

ನಮ್ಮ ಮನೇದು 2004ರ ಮಾಡೆಲ್. ಅದು ಇರೋದು ಮೂಡಿಗೆರೆ ಕಡೆಯ ನಮ್ಮ ಊರಲ್ಲಿ, ನಾನಿರೋದು ಬೆಂಗಳೂರಲ್ಲಿ. ಈ ಜುಲೈ ಗಾಳಿಗೆ ತೋಟದ ಸಿಲ್ವರ್ ಓಕ್ ಒಂದು ಅರ್ಧಕ್ಕೆ ಮುರಿದು ಅದರ ಮೇಲೆ ಬಿತ್ತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಹುಡ್ ಹರೀತು, ಮುಂದಿನ ಗಾಜು ಪುಡಿಯಾಯ್ತು, ಗಾಜಿನ ಫ್ರೇಮು ಸೊಟ್ಟಗಾಯ್ತು, ಬಾನೆಟ್ಟು ತಗ್ಗಾಯ್ತು. ಫೋಟೋ ನೋಡಿದ ಬೆಂಗಳೂರಿನ ಗ್ಯಾರೇಜು 2.40 ಲಕ್ಷ ಅಂದಿತು. ಊರ ಕಡೆಯ ಮೇಸ್ತ್ರಿ 1.35 ಲಕ್ಷ ಅಂದರು. ಆಫ್‌ರೋಡ್ ಹುಚ್ಚಿನ ಒಬ್ಬರು, ಇದ್ದ ಹಾಗೇ ಕೊಟ್ರೆ 1.60 ಲಕ್ಷ ಕೊಡ್ತೀನಿ ಅಂದರು.

ಆಫೀಸಲ್ಲಿ ಕೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ: ರಿಪೇರಿ ಖರ್ಚು ಗಾಡಿ ಬೆಲೆಯ ಹತ್ತಿರ ಬಂತು ಅಂದ್ರೆ ಮಾರಿಬಿಡು. ಇದು ಇನ್ಶೂರೆನ್ಸ್ ಕಂಪನಿಗಳ ಲೆಕ್ಕ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದ್ರೆ ಅವರು ಟೋಟಲ್ ಲಾಸ್ ಅಂತ ಬರೆದು, ದುಡ್ಡು ಕೊಟ್ಟು ಮುಗಿಸ್ತಾರೆ. ಆದರೆ ಐದು ವರ್ಷ ದಾಟಿದ ಗಾಡಿಯ ಐಡಿವಿಗೆ ಕೋಷ್ಟಕವೇ ಇಲ್ಲ. ಮಾಲೀಕ ಮತ್ತು ಕಂಪನಿ ಮಾತಾಡಿಕೊಂಡಿದ್ದೇ ಬೆಲೆ. ಹತ್ತು ವರ್ಷ ದಾಟಿದ ಮೇಲೆ ಲೋಹದ ಬಿಡಿಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಸಿಗೋದು ಅರ್ಧ ದುಡ್ಡು. ಹಾಗಾಗಿ ಇಷ್ಟು ಹಳೇ ಗಾಡಿಗಳಿಗೆ ನಮ್ಮ ಕಡೆ ಥರ್ಡ್ ಪಾರ್ಟಿ ಮಾತ್ರ ಮಾಡಿಸ್ತಾರೆ. ನಮ್ಮದೂ ಅಷ್ಟೇ. ಅಂದ್ರೆ ಪೂರ್ತಿ ಖರ್ಚು ಕೈಯಿಂದಲೇ.

ನನಗೆ ಆ ಹೋಲಿಕೆಯೇ ಸರಿ ಅನ್ನಿಸಲಿಲ್ಲ. ಗಾಡಿಯ ಬೆಲೆ ಅಂದ್ರೆ ಬೇರೆಯವರು ನನಗೆ ಕೊಡೋ ದುಡ್ಡು. ನಾನು ಕೇಳಬೇಕಾದ್ದು, ಇದೇ ಕೆಲಸ ಮಾಡೋ ಇನ್ನೊಂದು ಗಾಡಿ ಎಷ್ಟಕ್ಕೆ ಸಿಗತ್ತೆ ಅಂತ. 1985ರಲ್ಲಿ ಬಂದ ಜಿಪ್ಸಿ 2019ರಲ್ಲಿ ಮಾರುಕಟ್ಟೆಯಿಂದ ಹೋಯ್ತು. 2023ರಲ್ಲಿ ಜಿಮ್ನಿ ಬಂದಾಗ ಅದರ ಆರಂಭದ ಎಕ್ಸ್ ಶೋರೂಮ್ ಬೆಲೆ 12.74 ಲಕ್ಷ ಇತ್ತು, ಅದಕ್ಕೆ ತಗಡಿನ ಛಾವಣಿ. 1.60 ಲಕ್ಷಕ್ಕೆ ರಿಪೇರಿಯ 1.35 ಲಕ್ಷ ಸೇರಿಸಿದ್ರೂ ಮೂರು ಲಕ್ಷದ ಒಳಗೆ ಸಿಗೋದು ಯಾರದೋ ಹಳೇ ಜೀಪು. ಅದರ ಹೊಟ್ಟೆಯೊಳಗೆ ಏನಿದೆ ಅಂತ ದೇವರಿಗೇ ಗೊತ್ತು.

ನಮ್ಮದರ ಹೊಟ್ಟೆ ನೋಡೋಣ ಅಂತ ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ಹುಡ್, ಗಾಜು, ಬಾನೆಟ್ಟು ಎಲ್ಲ ಬದಲಾಯಿಸಬಹುದು. 1.3 ಲೀಟರ್ ಎಂಜಿನ್ನು ಎಸ್ಟೀಮ್ ವಂಶದ್ದು, ಬಿಡಿಭಾಗಕ್ಕೆ ಬರ ಇಲ್ಲ. ಬದಲಾಯಿಸೋಕಾಗದ್ದು ಚಾಸಿ. ಮೇಸ್ತ್ರಿ ಟೇಪು ಹಿಡಿದು ಮುಂದಿನ ಬಲಮೂಲೆಯಿಂದ ಹಿಂದಿನ ಎಡಮೂಲೆಗೆ, ಆಮೇಲೆ ಎಡದಿಂದ ಬಲಕ್ಕೆ ಅಳೆದರು. ಎರಡೂ ಕರ್ಣ ಸಮ ಬಂದ್ರೆ ಚಾಸಿ ನೆಟ್ಟಗಿದೆ ಅಂತ. ಸಮ ಇತ್ತು. ಆಮೇಲೆ ಸುತ್ತಿಗೆ ತಗೊಂಡು ಕೆಳಗೆ ಮಲಗಿ ತಟ್ಟುತ್ತಾ ಹೋದರು. ಗಟ್ಟಿ ಜಾಗದಲ್ಲಿ ಟಣ್ ಅನ್ನತ್ತೆ, ಒಳಗೆ ತುಕ್ಕು ತಿಂದಿದ್ರೆ ಡಬ್ ಅನ್ನತ್ತೆ. ಹಿಂದಿನ ಚಕ್ರದ ಹತ್ತಿರ ಎರಡು ಕಡೆ ಡಬ್ ಅಂತು. "ಇಷ್ಟಕ್ಕೆ ಪ್ಯಾಚ್ ಹಾಕಬಹುದು ಕಣಣ್ಣ. ಇನ್ನೊಂದೆರಡು ಕಡೆ ಹೀಗೇ ಅಂದಿದ್ರೆ ಮಾರಿಬಿಡಿ ಅಂತ ನಾನೇ ಹೇಳ್ತಿದ್ದೆ" ಅಂದರು. 1.35 ಲಕ್ಷ ಸಿಗೋ ಕೆಲಸವನ್ನು ಬೇಡ ಅನ್ನೋಕೆ ತಯಾರಿದ್ದ ಮನುಷ್ಯನ ಮಾತು ನಂಬಬಹುದು ಅನ್ನಿಸ್ತು.

ಇಟ್ಟುಕೊಳ್ಳೋದೂ ಪುಕ್ಕಟೆ ಅಲ್ಲ. ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಣ. 2022ರ ಏಪ್ರಿಲ್‌ಗೆ ಮುಂಚೆ 600 ರೂಪಾಯಿ ಇದ್ದ ಶುಲ್ಕ 5,000 ಆಯ್ತು; ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಿಂದ 10,000. ಪೆಟ್ರೋಲಿಗೆ ಶೇ. 20 ಎಥನಾಲ್ ಬಂದ ಮೇಲೆ ಹಳೇ ರಬ್ಬರ್ ಪೈಪುಗಳ ಮೇಲೂ ಒಂದು ಕಣ್ಣಿಡಬೇಕು. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹೆಂಡತಿಯ ಮಾತು ಇನ್ನೂ ನೇರ: "ಮಗಳ ವರ್ಷದ ಸ್ಕೂಲ್ ಫೀಸು ಅದು. ನಾವು ಅದರಲ್ಲಿ ಎಷ್ಟು ದಿನ ಓಡಾಡ್ತೀವಿ?"

ಲೆಕ್ಕ ಹಾಕಿದೆ. ಕಳೆದ ವರ್ಷ ನಾನು ಅದನ್ನ ಓಡಿಸಿದ್ದು ಹತ್ತೊಂಬತ್ತು ದಿನ. ದಿನಕ್ಕೆ ಏಳು ಸಾವಿರದ ಮೇಲಾಯ್ತು. ಆ ದುಡ್ಡಿಗೆ ಡ್ರೈವರ್ ಸಮೇತ ಒಳ್ಳೆ ಕಾರು ಬಾಡಿಗೆಗೆ ಸಿಗತ್ತೆ. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಮ್ಮನ ಹತ್ತಿರ ಇತ್ತು. ಟಾರು ರಸ್ತೆಯಿಂದ ನಮ್ಮ ಮನೆಗೆ ಎರಡು ಕಿಲೋಮೀಟರ್ ಮಣ್ಣು ರಸ್ತೆ, ಕೊನೆಗೊಂದು ಏರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟೋದವರು ಕೆಳಗೇ ನಿಲ್ಲಿಸ್ತಾರೆ. ಫೋರ್ ವೀಲ್ ಹಾಕಿದ್ರೆ ಜಿಪ್ಸಿ ಮಾತ್ರ ಹತ್ತತ್ತೆ, ಓಡಿಸೋದು ಚಿಕ್ಕಪ್ಪನ ಮಗ. ಅಮ್ಮ ಬೆರಳು ಮಡಚುತ್ತಾ ಹೋದರು: ಏಳು ಮನೆಯ ಗ್ಯಾಸ್ ಸಿಲಿಂಡರು, ರೇಷನ್ನು, ಗೊಬ್ಬರದ ಚೀಲ, ಮೇಲಿನ ಮನೆಯ ಹುಡುಗಿಯ ಹೆರಿಗೆ. ಹಿಂದಿನ ಎದುರುಬದುರು ಸೀಟುಗಳ ಮಧ್ಯೆ ಹಾಸಿಗೆ ಹಾಕಿ ಅವಳನ್ನ ಕರಕೊಂಡು ಹೋಗಿದ್ದರಂತೆ. ಮರ ಬಿದ್ದ ಮೇಲೆ ಜ್ವರ ಬಂದ ಅಜ್ಜ ಒಬ್ಬರನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು ಟಾರು ರಸ್ತೆವರೆಗೆ ಇಳಿಸಿದ್ದಾರೆ.

ನನ್ನ ಹತ್ತೊಂಬತ್ತು ದಿನ ಸುಳ್ಳಲ್ಲ. ಆದರೆ ಗಾಡಿಯನ್ನ ಬಳಸೋದು ಒಂದು ಮನೆ ಅಲ್ಲ, ಏಳು ಮನೆ. ಇದನ್ನ ಹೇಳಿದಾಗ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಏಳು ಮನೆಯವರೂ ಸ್ವಲ್ಪ ಕೊಡಲಿ" ಅಂದಳು. ಕೇಳೋಕೆ ನನಗೆ ಮುಜುಗರ. ಚಿಕ್ಕಪ್ಪನಿಗೆ ಅದೇನಿಲ್ಲ, ಕೇಳಿಯೇ ಬಿಟ್ಟರು. 22 ಸಾವಿರ ಕೂಡಿತು. ಬಿದ್ದ ಸಿಲ್ವರ್ ಓಕನ್ನ ಪ್ಲೈವುಡ್‌ನವರಿಗೆ ಕೊಟ್ಟಿದ್ದಕ್ಕೆ ಇನ್ನೊಂದು 9 ಸಾವಿರ.

ರಿಪೇರಿ ಮಾಡ್ಸೋದು ಅಂತ ಆಯ್ತು, ಆದರೆ ಎಲ್ಲವನ್ನೂ ಅಲ್ಲ. ಚಾಸಿಯ ಪ್ಯಾಚು, ಗಾಜಿನ ಫ್ರೇಮು, ಬ್ರೇಕು, ವೈರಿಂಗು, ಸೀಟ್ ಬೆಲ್ಟು, ಹೊಸ ಹುಡ್ಡು. ಇಷ್ಟೇ. ಪೂರ್ತಿ ಪೇಂಟು ಬೇಡ, ಬಾನೆಟ್ಟಿನ ತಗ್ಗು ಹೊಡೆದೆತ್ತಿದ್ರೆ ಸಾಕು. ಹಾಗೆ 1.35 ಲಕ್ಷ 98 ಸಾವಿರಕ್ಕೆ ಇಳೀತು, ನನ್ನ ಕೈಯಿಂದ 67 ಸಾವಿರ. ಮಗಳನ್ನ ಹೈವೇಗೆ ಇದರಲ್ಲಿ ಕರಕೊಂಡು ಹೋಗಲ್ಲ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೀನಿ. 2029ರಲ್ಲಿ ನವೀಕರಣಕ್ಕೆ ಮುಂಚೆ ಮತ್ತೆ ಸುತ್ತಿಗೆ ತಟ್ಟಿಸೋದು. ಡಬ್ ಅನ್ನೋ ಜಾಗ ಜಾಸ್ತಿ ಆಗಿದ್ರೆ ಅವತ್ತೇ ಮಾರೋದು ಅಂತಲೂ ಮಾತಾಗಿದೆ.

ಆಯುಧ ಪೂಜೆಗೆ ಗಾಡಿ ಕೊಡ್ತೀನಿ ಅಂದಿದ್ದಾರೆ ಮೇಸ್ತ್ರಿ. ಯಾವ ವರ್ಷದ ಆಯುಧ ಪೂಜೆ ಅಂತ ಅಮ್ಮ ಫೋನ್ ಮಾಡಿ ಕೇಳ್ತಾ ಇದ್ದಾರೆ.