ಸಂಜೀವಿನಿಯ ಆಟ

ಮಠದ ಪ್ರಸಾದ ನಿಲಯಗಳಲ್ಲಿ ಉಂಡು ಬೆಳೆದ ನಿಮ್ಮಲ್ಲಿ ಅನೇಕರಿಗೆ ಕಬಡ್ಡಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಸಾಯಂಪ್ರಾರ್ಥನೆಯ ಗಂಟೆ ಬಾರಿಸುವವರೆಗೂ ಅಂಗಳದಲ್ಲಿ ಹುತುತು ಆಡಿ, ತರಚಿದ ಮೊಣಕಾಲಿಗೆ ಅರಿಷಿಣ ಮೆತ್ತಿಕೊಂಡು ಪಂಕ್ತಿಯಲ್ಲಿ ಕುಳಿತವರು ನೀವು. ಆದರೂ ಆ ಆಟದ ಒಂದು ನಿಯಮವನ್ನು ಇಲ್ಲಿ ತಮ್ಮ ನೆನಪಿಗೆ ತರಬಯಸುತ್ತೇನೆ.

ಹಿಂದಿನವರು ಈ ಆಟವನ್ನು ಮೂರು ಬಗೆಯಾಗಿ ಆಡುತ್ತಿದ್ದರು. ‘ಗಾಮಿನಿ’ ಎಂಬ ಬಗೆಯಲ್ಲಿ ಔಟಾದವನು ತಂಡದವರೆಲ್ಲ ಔಟಾಗುವತನಕ ಹೊರಗೇ ಉಳಿಯಬೇಕು. ‘ಅಮರ’ ಎಂಬುದರಲ್ಲಿ ಔಟಾದವನೂ ಒಳಗೇ ಇದ್ದು ಆಡುತ್ತಾನೆ, ಎದುರಾಳಿಗೆ ಅಂಕ ಮಾತ್ರ ಸಲ್ಲುತ್ತದೆ. ಮೂರನೆಯದು ‘ಸಂಜೀವಿನಿ’. ಇದರಲ್ಲಿ ಔಟಾದವನು ಹೊರಗೆ ಹೋಗಿ ಕೂಡಬೇಕು. ಸಂಗಡಿಗರು ಎದುರು ಪಕ್ಷದ ಒಬ್ಬನನ್ನು ಔಟು ಮಾಡಿದರೆ ಇವರಲ್ಲಿ ಒಬ್ಬನಿಗೆ ಜೀವ ಬರುತ್ತದೆ, ಮೊದಲು ಹೋದವನಿಗೆ ಮೊದಲು. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟವನ್ನು ಪ್ರವೇಶಿಸಿದ ಕಬಡ್ಡಿಯೂ, ಇಂದು ದೂರದರ್ಶನದ ಪರದೆಯ ಮೇಲೆ ಮಕ್ಕಳು ಕಾಣುವ ಕಬಡ್ಡಿಯೂ ಈ ಸಂಜೀವಿನಿಯ ಸಂತತಿಯೇ. ಹೊರಗೆ ಕುಳಿತವನು ಎಷ್ಟೇ ಬಲಶಾಲಿಯಾಗಿರಲಿ, ತನ್ನ ಬಲದಿಂದ ತಾನು ಒಳಗೆ ಬರಲಾರನು.

ಏಳು ಜನರ ಆಟಗಳು ಪರದೇಶಗಳಲ್ಲಿಯೂ ಉಂಟು. ಹದಿನೈದು ಜನರು ಆಡುತ್ತಿದ್ದ ರಗ್ಬಿಯನ್ನು ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಸಣ್ಣ ಊರಿನವರು 1883ರಲ್ಲಿ ತಮ್ಮ ಕ್ಲಬ್ಬಿಗೆ ಹಣ ಕೂಡಿಸಲೆಂದು ಏಳಕ್ಕೆ ಇಳಿಸಿ ಒಂದೇ ದಿನದಲ್ಲಿ ಪಂದ್ಯಾವಳಿಯನ್ನು ಮುಗಿಸಿದರು. ಅದು 2016ರಲ್ಲಿ ಒಲಿಂಪಿಕ್ಸಿನವರೆಗೂ ಹೋಯಿತು. ನಮ್ಮ ಹಳ್ಳಿಯ ಆಟಗಳಿಗೆ ಮಾತ್ರ ಇಂಥ ಇತಿಹಾಸವನ್ನು ಬರೆದಿಟ್ಟವರು ವಿರಳ.

ಇರಲಿ. ನಾನು ಹೇಳಹೊರಟಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಹವ್ಯಾಸಿ ತಂಡದ ಸಂಗತಿ. ಒಂದು ಕಡೆ ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಮುಂದೆ ಕೈಗಾರಿಕಾ ವಸಾಹತು, ಅದರಾಚೆ ವಿಮಾನ ನಿಲ್ದಾಣ: ಇಂಥ ರಸ್ತೆಯಲ್ಲಿ ಪಾಳಿಯ ಮೇಲೆ ದುಡಿಯುವ ಎಂಟು ಜನರು, ಅವರಲ್ಲಿ ನಾಲ್ವರು ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಗಳು, ನಸುಕಿನಲ್ಲಿ ಕೂಡಿ ಆಡುತ್ತಾರೆ. ಅಲ್ಲಿಯ ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಪಾದವನ್ನೇ ಬಿಡುವುದಿಲ್ಲ. ಆದುದರಿಂದ ಧಾರವಾಡದ ಕಡೆಯಿಂದ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ತರಿಸಿ, ಜರಡಿ ಹಿಡಿದು ಹರಳು ತೆಗೆದು, ತಾವೇ ಅಂಕಣ ಮಾಡಿಕೊಂಡಿದ್ದರು. ತಂಡದ ಹಿರಿಯನು ಲೇತ್ ಯಂತ್ರದ ಮೇಲೆ ದುಡಿಯುವವನು, ನಲವತ್ತರ ಸಮೀಪದವನು. ಕಿರಿಯನಿಗೆ ಹತ್ತೊಂಬತ್ತು, ಗೆರೆ ಎಳೆಯುವುದರಿಂದ ಹಿಡಿದು ಎಲ್ಲವನ್ನೂ ಕಲಿತದ್ದು ಆ ಹಿರಿಯನಿಂದಲೇ.

ಕಳೆದ ಚಳಿಗಾಲದ ಒಂದು ರವಿವಾರ ಅದೇ ರಸ್ತೆಯ ಬಡಾವಣೆಯೊಂದರ ಬಯಲಿನಲ್ಲಿ 60 ಕಿಲೋ ಒಳಗಿನವರ ಪಂದ್ಯಾವಳಿ ನಡೆಯಿತು. ನೀರಿನ ಕೊಡ ಕಾಯುವ ಕೆಲಸ ನನ್ನದಾಗಿತ್ತು. ಎಂಟನೆಯವನಿಗೆ ಪಾಳಿ ಬಂದಿದ್ದುದರಿಂದ ಏಳೇ ಜನರು ಬಂದಿದ್ದರು, ಬದಲಿ ಆಟಗಾರನಿಲ್ಲ. ಅವರಲ್ಲಿಯೂ ಎಡಮೂಲೆಯಲ್ಲಿ ನಿಲ್ಲುವವನು ತಕ್ಕಡಿಯ ಮೇಲೆ 400 ಗ್ರಾಂ ಹೆಚ್ಚಾಗಿ ಕಂಡನು! ಹಿಂದಿನ ರಾತ್ರಿಯಿಂದ ಉಪವಾಸವಿದ್ದರೂ ಹೀಗಾಯಿತು. ಆತನು ಎರಡು ಸ್ವೆಟರ್ ತೊಟ್ಟು ಬಯಲನ್ನು ಸುತ್ತತೊಡಗಿದನು. ಜೊತೆಗೆ ಉಳಿದ ಆರೂ ಜನ ಓಡಿದರು. ಅವರು ಓಡುವ ಅವಶ್ಯಕತೆಯೇನೂ ಇರಲಿಲ್ಲ. ಒಂದು ತಾಸಿನ ನಂತರ ತಕ್ಕಡಿಯು ಒಪ್ಪಿತು. ಬಾಳೆಹಣ್ಣು, ಅವಲಕ್ಕಿ ತಿಂದು ಆತನು ಅಂಕಣಕ್ಕೆ ಇಳಿದನು.

ಮೊದಲಿನ ಎರಡು ಪಂದ್ಯಗಳನ್ನು ವಿವರಿಸಲಾರೆ. ಒಂದನ್ನು ಸುಲಭವಾಗಿ, ಇನ್ನೊಂದನ್ನು ಕಷ್ಟದಿಂದ ಗೆದ್ದರು. ಉಪಾಂತ್ಯ ಪಂದ್ಯದ ಕೊನೆಯ ಎರಡು ನಿಮಿಷಗಳನ್ನು ಮಾತ್ರ ತಾವು ಗಮನವಿಟ್ಟು ಕೇಳಬೇಕು.

ಆಗ ಎದುರಾಳಿಗಳಿಗೆ 22, ನಮಗೆ 21. ಅವರ ಏಳೂ ಜನ ಒಳಗೆ. ನಮ್ಮ ಕಡೆ ಕಿರಿಯನೂ ಎಡಮೂಲೆಯವನೂ ಇಬ್ಬರೇ. ಹೊರಗೆ ಐವರು, ಸರದಿಯಲ್ಲಿ ಮೊದಲನೆಯವನು ಆ ಹಿರಿಯ. ದಾಳಿ ಕಿರಿಯನದು. ಎದುರು ಆರು ಅಥವಾ ಹೆಚ್ಚು ಜನರಿದ್ದಾಗ ದಾಳಿಗಾರನು ಬೋನಸ್ ಗೆರೆಯನ್ನು ದಾಟಿ ಬಂದರೆ ಒಂದು ಅಂಕವೆಂದು ತಾವು ಬಲ್ಲಿರಿ. ಆದರೆ ಆ ಅಂಕದಿಂದ ಯಾರಿಗೂ ಜೀವ ಬರುವುದಿಲ್ಲ. ಜೀವ ಬರಬೇಕಾದರೆ ಒಬ್ಬನನ್ನಾದರೂ ಮುಟ್ಟಿ ಬರಬೇಕು. ಹಿರಿಯನು ಹೊರಗಿನಿಂದ ಬೆರಳು ಚಾಚಿ ‘ಮುಟ್ಟು’ ಎಂದು ಸನ್ನೆ ಮಾಡುತ್ತಿದ್ದನು. ಹುಡುಗನು ಅತ್ತ ನೋಡಿದನು, ಕಾಲು ಚಾಚಿ ಗೆರೆ ದಾಟಿದನು, ಬೋನಸ್ ಪಡೆದು ಮರಳಿದನು. 22–22. ಜನರು ಚಪ್ಪಾಳೆ ತಟ್ಟಿದರು. ಹೊರಗೆ ಕುಳಿತ ನಮ್ಮ ಐವರ ಕೈಗಳು ಮಾತ್ರ ಮೊಣಕಾಲ ಮೇಲೆಯೇ ಇದ್ದವು.

ಮರುದಾಳಿಯಲ್ಲಿ ಎಡಮೂಲೆಯವನು ಔಟಾದನು. ಹುಡುಗನೊಬ್ಬನೇ ಉಳಿದು ಏಳು ಜನರ ನಡುವೆ ಹೋಗಿ ಸಿಕ್ಕಿಬಿದ್ದನು. ಅವನ ಒಂದು ಅಂಕ, ಇಡೀ ತಂಡ ಔಟಾದುದಕ್ಕೆ ಲೋನಾದ ಎರಡು, 26–22. ಲೋನಾ ಆದೊಡನೆ ಏಳೂ ಜನರಿಗೆ ಒಮ್ಮೆಲೇ ಜೀವ ಬರುವುದೂ ಈ ಆಟದ ನಿಯಮವೇ. ಎಲ್ಲರೂ ಎದ್ದು ಒಳಗೆ ಬಂದರು. ನಮಗೆ ಇನ್ನೊಂದು ದಾಳಿಗೆ ಮಾತ್ರ ವೇಳೆಯಿತ್ತು. ಹಿರಿಯನು ಹೋಗಿ ಒಬ್ಬನನ್ನು ಮುಟ್ಟಿ ಬಂದನು. ಸೀಟಿ ಊದಿತು.

ಹುಡುಗನದು ತಪ್ಪೆಂದು ನಾನು ಹೇಳಲಾರೆ. ಏಳು ಜನರ ನಡುವೆ ಮುಟ್ಟಲು ಹೋಗಿ ಸಿಕ್ಕಿಬಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಬೋನಸ್ ಕೈಗೆಟುಕುವಂತಿತ್ತು. ಪಂದ್ಯವನ್ನು ದಂಡೆಯ ಮೇಲೆ ನಿಂತು ಆಡುವುದು ಸುಲಭ. ಆದರೆ ಮೊದಲಿನ ಸರದಿ ತನ್ನ ಗುರುವಿನದೆಂಬುದು ಆ ಹುಡುಗನಿಗೆ ಗೊತ್ತಿತ್ತು, ಅದು ಅವನನ್ನು ಬಾಧಿಸುತ್ತಿತ್ತು. ಮರಳುವ ದಾರಿಯಲ್ಲಿ ಅವನೇ ಮಾತು ತೆಗೆದನು: “ಅಣ್ಣಾ, ಬೋನಸ್ ಸಿಗತಿತ್ತು. ಬಿಡೂದ್ ಹೆಂಗ?”

“ಲೆಕ್ಕಾ ಬರೋಬರಿನ ಇತ್ತು ತಮ್ಮಾ. ಒಳಗ ಮಂದಿ ಇರಲಿಲ್ಲ.”

ಹುಡುಗನು ಮತ್ತೇನೂ ಕೇಳಲಿಲ್ಲ. ಹಿರಿಯನು ಅವನ ಚೀಲವನ್ನೂ ತನ್ನ ಹೆಗಲಿಗೆ ಹಾಕಿಕೊಂಡನು. ರಸ್ತೆಯ ಬದಿಯ ಲಿಂಗಾಯತ ಖಾನಾವಳಿಯೊಂದರಲ್ಲಿ ಎಲ್ಲರೂ ಊಟಕ್ಕೆ ಕುಳಿತೆವು. ಪಾಳಿ ಮುಗಿಸಿದ ಎಂಟನೆಯವನು ಗ್ರೀಸ್ ಹತ್ತಿದ ಅಂಗಿಯಲ್ಲಿಯೇ ಬಂದು, ಯಾರೂ ಹೇಳುವ ಮೊದಲೇ ಮುಖಗಳನ್ನು ನೋಡಿ ತಿಳಿದುಕೊಂಡು, ಹುಡುಗನ ಪಕ್ಕದಲ್ಲಿ ಕುಳಿತನು. ಎಡಮೂಲೆಯವನು ಬದನೆಕಾಯಿ ಎಣ್ಣೆಗಾಯಿಯ ಜೊತೆಗೆ ಐದನೆಯ ಜೋಳದ ರೊಟ್ಟಿಯನ್ನು ಮುರಿಯುತ್ತಿದ್ದನು.