ಗುಹೆಯೊಳಗಿನ ಮಕ್ಕಳು

ಭಾನುವಾರ ಸಂಜೆ ನಾವು ಐವರು ಗೆಳೆಯರು ಮೇಜಿನ ಸುತ್ತ ಕೂತು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತೇವೆ. 1974ರಲ್ಲಿ ಅಮೆರಿಕದಲ್ಲಿ ಬಂದ ಆಟ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಸೋಲು ಗೆಲುವನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ತಾಳಮದ್ದಳೆ ಕೇಳಿದವರಿಗೆ ಕೂತಲ್ಲೇ ಪಾತ್ರವಾಗುವುದು ಹೊಸತಲ್ಲ.

ಈ ಆಟದಲ್ಲಿ ಆರ್ಕ್ ಎಂಬ ಕುಲವೊಂದಿದೆ. ಇಡೀ ಕುಲವನ್ನೇ ದುಷ್ಟರೆಂದು ಚಿತ್ರಿಸುವುದನ್ನು ತಿದ್ದುತ್ತೇವೆಂದು ಪ್ರಕಾಶಕರು ಹೇಳಿದ್ದು 2020ರಲ್ಲಿ. ನಮ್ಮ ಬಳಿ ಇದ್ದದ್ದು ಹಳೆಯ ಪುಸ್ತಕ. ಒಂದು ಸಂಜೆ ಆರ್ಕ್‌ಗಳ ಗುಹೆ ಗೆದ್ದೆವು. ಒಳಗೆ ಮಕ್ಕಳಿದ್ದವು. ‘ಬಿಟ್ಟರೆ ದೊಡ್ಡವಾಗಿ ನಮ್ಮನ್ನೇ ಕೊಲ್ಲುತ್ತವೆ’ ಎಂದ ನಮ್ಮಲ್ಲೊಬ್ಬ. ಆಟವಲ್ಲವೇ, ನಕ್ಕೆವು. ಒಬ್ಬ ಗೆಳೆಯ ನಗಲಿಲ್ಲ. ಅವನು ಬೆಳೆದ ಬೀದಿ ಒಮ್ಮೆ ಗಲಭೆಯಲ್ಲಿ ಉರಿದಿತ್ತು. ಅದು ನಮಗೆ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ. ‘ಈ ಮಾತು ಮೊದಲೂ ಕೇಳಿದ್ದೇನೆ’ ಎಂದಷ್ಟೇ ಹೇಳಿ ಚಹಾ ಮಾಡಲು ಎದ್ದುಹೋದ.

ಮುಂದಿನ ವಾರ ಮೇಜಿನ ನಡುವೆ ಎಕ್ಸ್ ಎಂದು ಬರೆದ ಚೀಟಿ ಇಟ್ಟೆವು. ಅಮೆರಿಕದ ಜಾನ್ ಸ್ಟಾವ್ರೊಪೌಲಸ್ ರೂಪಿಸಿದ ಉಪಾಯವದು. ಸಹಿಸಲಾಗದ್ದು ಬಂದಾಗ ಯಾರಾದರೂ ಚೀಟಿ ಮುಟ್ಟಿದರೆ ಆ ಸಂಗತಿ ಕಥೆಯಿಂದ ಹೊರಗೆ. ಕಾರಣ ಹೇಳಬೇಕಿಲ್ಲ. ಹೀಗಾದರೆ ಕಷ್ಟದ ಪ್ರಶ್ನೆಗಳೇ ಬರುವುದಿಲ್ಲವೆಂದು ನಮ್ಮಲ್ಲಿ ಕೆಲವರು ಗೊಣಗಿದರು. ಆದದ್ದೇ ಬೇರೆ. ಚೀಟಿ ಇದೆಯೆಂಬ ಧೈರ್ಯದಲ್ಲಿ ಆ ಗೆಳೆಯನೇ ‘ಗುಹೆಗೆ ಮರಳೋಣ’ ಎಂದ. ಮಕ್ಕಳನ್ನು ಯಾರು ಸಾಕಬೇಕು? ಅವುಗಳ ತಂದೆಯರನ್ನು ಕೊಂದವರು ನಾವೇ ಎಂದು ಹೇಳಬೇಕೇ? ಮೂರು ವಾರ ವಾದಿಸಿದೆವು, ದಾಳ ಒಮ್ಮೆಯೂ ಉರುಳಲಿಲ್ಲ. ಹೇಳಬೇಕೆಂದು ತೀರ್ಮಾನವಾಯಿತು. ಯಾರು ಹೇಳಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ.