ಅರ್ಧ ಟಿಕೀಟಿನ ಕೋಳಿ

ಬಬಲೇಶ್ವರದಿಂದ ಅವ್ವ ಬರುವಾಗ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇರುವುದು ರೂಢಿ. ಆ ಸಲ ಚೀಲ ತಾನೇ ಅಲುಗಾಡುತ್ತಿತ್ತು. ಒಳಗೊಂದು ಜವಾರಿ ಹ್ಯಾಟಿ. ಅರಿವೆಯಲ್ಲಿ ಸುತ್ತಿದ ಒಂಬತ್ತು ತತ್ತಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಷ್ಟೆ. ಅವ್ವನಿಗೆ ಸೊನ್ನೆ ಟಿಕೀಟು ಕೊಟ್ಟ ಕಂಡಕ್ಟರ್ ಕೋಳಿಗೆ ಅರ್ಧ ಚಾರ್ಜು ಕೇಳಿದನಂತೆ.

"ಇದೂ ಹೆಣ್ಣ ಐತಲ್ಲೋ ತಮ್ಮಾ!"

"ಹಂಗಾರ ಆಧಾರ ಕಾರ್ಡ್ ತೋರ್ಸಬೇ."

ಬಸ್ಸಿಗೆ ಬಸ್ಸೇ ನಕ್ಕಿತಂತೆ. ಅವ್ವ ಮಾತ್ರ ನಗಲಿಲ್ಲ, ರೊಕ್ಕ ಎಣಿಸಿದಳು.

ವಿಜಯಪುರದ ಜಲನಗರದಲ್ಲಿರುವ ನಮ್ಮ ಮನೆಗೆ ಹಿತ್ತಲೆಂದರೆ ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವು, ಅವೆರಡರ ನಡುವೆ ನಾಲ್ಕು ಮೊಳ ನೆಲ. ಅಲ್ಲೇ ಬುಟ್ಟಿಗೆ ಹುಲ್ಲು ಹಾಸಿ ಅವ್ವ ಹ್ಯಾಟಿಯನ್ನು ಕಾವಿಗೆ ಕೂರಿಸಿದಳು. ಇಪ್ಪತ್ತೊಂದನೆಯ ದಿನ ಆರು ಮರಿ. ಬೆಕ್ಕು, ಹದ್ದು ತಮ್ಮ ಪಾಲು ಒಯ್ದ ಮೇಲೆ ಉಳಿದದ್ದು ಒಂದೇ. ಅದು ಹುಂಜ. ಐದು ತಿಂಗಳಿಗೆ ಕೊರಳು ಬಂತು, ನಸುಕಿನ ನಾಲ್ಕೂವರೆಗೆ. ತಡರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರು ಒಂದು ಮನೆಯಲ್ಲಿ, ಪರೀಕ್ಷೆಯ ಹುಡುಗ ಇನ್ನೊಂದರಲ್ಲಿ. ತಕರಾರು ಬರದೆ ಇದ್ದೀತೆ?

ನಾನು ಕಾನೂನು ತೆರೆದೆ. ಮೊದಲಿನ ನಗರಸಭೆ 2013ರಲ್ಲಿ ಮಹಾನಗರ ಪಾಲಿಕೆಯಾಗಿದೆ. ಅದಕ್ಕೆ ಅನ್ವಯಿಸುವುದು 1976ರ ಕಾಯ್ದೆ. ಹಂದಿ ಸಾಕಲು ಅನುಮತಿ ಬೇಕು. ಯಾವ ಪ್ರಾಣಿಯನ್ನಾದರೂ ನೆರೆಯವರಿಗೆ ಉಪದ್ರವವಾಗುವಂತೆ ಇಟ್ಟುಕೊಳ್ಳಬಾರದು. ಉಪದ್ರವ! ಊರಲ್ಲಿ ಇದೇ ಕೂಗಿಗೆ ಅಪ್ಪ ಎದ್ದು ಬಾರುಕೋಲು ಹುಡುಕುತ್ತಿದ್ದ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬೆಳಗಿನ ಆರರವರೆಗೂ ರಾತ್ರಿಯೇ, ವಸತಿ ಪ್ರದೇಶಕ್ಕೆ 45 ಡೆಸಿಬೆಲ್ ಮಿತಿ. ಹುಂಜಕ್ಕೆ ಇದನ್ನು ತಿಳಿಸುವವರಾರು? "ಒಂದ್ ಮಾತಾಡಿದ್ರ ಏಳ್ ಸಲ ಅನ್ನೂ ಗುಮ್ಮಟದ ಊರೊಳಗ ಇದು ಒಂದ್ ಸಲ ಕೂಗಬಾರದ?" ಎಂದಳು ಅವ್ವ.

ಚಿಕ್ಕಂದಿನಲ್ಲಿ ನಾನು ಕಂಡ ಕಾನೂನೆಂದರೆ ಕೊಂಡವಾಡ. ನಮ್ಮ ಎಮ್ಮೆ ಯಾರದೋ ಜೋಳಕ್ಕೆ ಬಾಯಿ ಹಾಕಿ ಒಳಗಾಗಿತ್ತು. ದಂಡ ಕಟ್ಟಿ ಬಿಡಿಸಿಕೊಂಡು ಬರುವಾಗ ಅಪ್ಪ ದಾರಿಯುದ್ದಕ್ಕೂ ಅದನ್ನು ಬೈದ. ಅದೂ ತಲೆ ತಗ್ಗಿಸಿಕೊಂಡೇ ನಡೆಯಿತು. ಈ ಹುಂಜ ಯಾರ ಕಾಳನ್ನೂ ಮುಟ್ಟಿರಲಿಲ್ಲ. ಬೈಯಲಿಕ್ಕೂ ಏನೂ ಸಿಗಲಿಲ್ಲ.

ಕೊನೆಗೆ ಅವ್ವನೇ ತೀರ್ಪು ಕೊಟ್ಟಳು. ಹ್ಯಾಟಿ ಇರಲಿ, ಅದು ಯಾರ ನಿದ್ದೆಗೂ ಹೋಗುವುದಿಲ್ಲ, ಮಗ ಊರಿಗೆ. ಬಸ್‌ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಚೀಲದಿಂದ ಕೆಂಪು ಜುಟ್ಟು ಇಣುಕಿತು. ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಅವ್ವ ಸೆರಗಿನ ಗಂಟು ಬಿಚ್ಚಿದಳು.

"ತಗೋ ತಮ್ಮಾ. ಇಂವಾ ಗಂಡಸ."